ಸರ್ವಿಸ್ ಎಂಬ ಒಂದು ಮಾತು

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಈ ಗೋಷ್ಠಿಯಲ್ಲಿ ಮಾತನಾಡಬೇಕೆಂದು ಶ್ರೀಗಳ ಅಪ್ಪಣೆಯಾದಾಗ ನನಗೆ ಅಳುಕಾಯಿತು. ಷಟ್‌ಸ್ಥಲದ ಬಗ್ಗೆ, ಅನುಭಾವದ ಬಗ್ಗೆ ಮಾತನಾಡಲು ಇಲ್ಲಿ ಅಧಿಕಾರಿಗಳಿದ್ದಾರೆ. ನಾನು 31 ವರ್ಷ ಕಾಲೇಜಿನ ಹುಡುಗರಿಗೆ ಇಂಗ್ಲಿಷ್ ಕಲಿಸಿದವನು. ನನಗೆ ಅಷ್ಟಿಷ್ಟು ತಿಳಿದಿರುವುದು ಪದಗಳ ಸಂಗತಿ ಮಾತ್ರ. ಆದ್ದರಿಂದ ಇವತ್ತು ಒಂದೇ ಒಂದು ಇಂಗ್ಲಿಷ್ ಪದವನ್ನು ಹಿಡಿದುಕೊಂಡು ಬಂದಿದ್ದೇನೆ. ಶಾಲೆಯ ಮೆಟ್ಟಿಲು ಹತ್ತದ ನಮ್ಮ ಅಜ್ಜಿಯಂದಿರಿಗೂ ಗೊತ್ತಿರುವ ಪದ ಅದು. ಸರ್ವಿಸ್.

ಈ ಪದದ ಬೆನ್ನು ಹತ್ತುವುದಕ್ಕೆ ಒಂದು ಕಾರಣವಿದೆ. ಕೆಲವು ತಿಂಗಳ ಹಿಂದೆ ಒಬ್ಬ ತಾಯಿ ನನ್ನ ಮುಂದೆ ನಿಂತು, "ಸರ, ನನಗೊಂದು ಸರ್ವಿಸ್ ಸರ್ಟಿಫಿಕೇಟ್ ಕೊಡ್ರಿ" ಎಂದರು. ನನಗೆ ಕೊಡಲಾಗಲಿಲ್ಲ. ಅದೇಕೆ ಆಗಲಿಲ್ಲ ಎಂಬುದನ್ನು ಕೊನೆಗೆ ಹೇಳುತ್ತೇನೆ. ಮೊದಲು ಪದ.

ನಾನು ಸಣ್ಣವನಿದ್ದಾಗ ನಮ್ಮೂರಿಗೆ ದಿನಕ್ಕೆ ಒಂದು ಬಸ್ಸು ಬರುತ್ತಿತ್ತು. ಹಿರಿಯರು ಅದಕ್ಕೆ ಬಸ್ಸು ಅನ್ನುತ್ತಿರಲಿಲ್ಲ, ಸರ್ವಿಸ್ ಅನ್ನುತ್ತಿದ್ದರು. "ಸರ್ವಿಸ್ ಹೋತೇನೋ ತಮ್ಮಾ?" ಎಂದು ಕೇಳಿದರೆ ಬಸ್ಸು ಹೋಯಿತೇ ಎಂದು ಅರ್ಥ. ಕನ್ಯೆ ನೋಡಲು ಬಂದವರ ಬಗ್ಗೆ "ಹುಡುಗ ಸರ್ವಿಸಿನ್ಯಾಗ ಅದಾನ" ಎಂದರೆ ಸರಕಾರಿ ನೌಕರಿ ಇದೆ ಎಂದು ಅರ್ಥ. ಮುಂದೆ ಏನೂ ಕೇಳಬೇಕಾಗಿಲ್ಲ. ನಿವೃತ್ತಿಯ ದಿನ ಹಾರ ಹಾಕಿ "ಎಷ್ಟು ಸರ್ವಿಸ್ ಆತ್ರಿ?" ಎಂದು ಕೇಳುತ್ತಾರೆ. ಅಲ್ಲಿ ಅದು ವರ್ಷಗಳ ಲೆಕ್ಕ. ಮೋಟಾರ್ ಸೈಕಲ್ಲನ್ನು ಸರ್ವಿಸಿಗೆ ಬಿಡುತ್ತೇವೆ, ಅಲ್ಲಿ ಅದು ತೊಳೆದು ಎಣ್ಣೆ ಹಾಕುವುದು. ಕಂಬದಿಂದ ಮನೆಗೆ ಬರುವುದು ಸರ್ವಿಸ್ ವೈರು, ಹೆದ್ದಾರಿಯ ಮಗ್ಗುಲಲ್ಲಿರುವುದು ಸರ್ವಿಸ್ ರಸ್ತೆ. ಹೋಟೆಲಿನಲ್ಲಿ ನಾವೇ ತಟ್ಟೆ ಹಿಡಿದು ನಿಂತು ತಂದುಕೊಂಡರೆ ಅದು ಸೆಲ್ಫ್ ಸರ್ವಿಸ್. ಅಂದರೆ ಇಲ್ಲಿ ಸರ್ವಿಸ್ ಇಲ್ಲ ಎನ್ನುವುದನ್ನೇ ಮರ್ಯಾದೆಯಿಂದ ಹೇಳುವ ರೀತಿ.

ಈಚೆಗೆ ಇದೇ ಬೇರಿನ ಇನ್ನೊಂದು ಪದ ಹಳ್ಳಿಹಳ್ಳಿಗೂ ಬಂದಿದೆ. ಪಡಿತರದ ಅಂಗಡಿಗೆ ಹೋಗಿ, ಹೆಬ್ಬೆರಳು ಒತ್ತಿ, ಮತ್ತೆ ಒತ್ತಿ. "ಸರ್ವರ್ ಡೌನ್ ಅದ, ನಾಳೆ ಬರ್ರಿ." ಸರ್ವರ್ ಎಂದರೆ ಬಡಿಸುವವನು, ಊಳಿಗ ಮಾಡುವವನು. ಆ ಕಾಣದ ಊಳಿಗದವನ ಮುಂದೆ ಕೂಲಿ ಬಿಟ್ಟು ಬಂದ ಮುದುಕಿ ಬಿಸಿಲಿನಲ್ಲಿ ಸಾಲು ನಿಂತಿರುತ್ತಾಳೆ. ಯಾರು ಯಾರ ಆಳು ಎಂದು ನಾನು ಆ ಸಾಲಿನಲ್ಲಿ ನಿಂತೇ ಯೋಚಿಸಿದ್ದುಂಟು.

ಇಂಗ್ಲಿಷರ ಮನೆಯೊಳಗೆ ಹೋದರೆ ಈ ಪದದ ಸಂಸಾರ ಇನ್ನೂ ದೊಡ್ಡದು. ಟೆನಿಸ್ ಆಟದಲ್ಲಿ ಮೊದಲ ಚೆಂಡು ಹೊಡೆಯುವುದು ಸರ್ವಿಸ್. ಒಂದೇ ಮಾದರಿಯ ಬಟ್ಟಲು ಬಸಿಗಳ ಜೋಡಣೆ ಟೀ ಸರ್ವಿಸ್. ಕೋರ್ಟಿನ ಸಮನ್ಸು ಕೈಗೆ ಮುಟ್ಟಿಸುವುದು ಸರ್ವಿಸ್. ನಮ್ಮ ವಕೀಲರೂ "ಸಮನ್ಸ್ ಸರ್ವ್ ಆಗಿಲ್ಲ" ಎನ್ನುತ್ತಾರೆ. ಸಾಲದ ಕಂತು ಬಡ್ಡಿಗಳನ್ನು ತಪ್ಪದೆ ಕಟ್ಟುತ್ತ ಹೋಗುವುದೂ ಸರ್ವಿಸ್. ಹೋರಿಯನ್ನು ಆಕಳಿಗೆ ಬಿಡುವುದಕ್ಕೂ ಅದೇ ಪದ. ಬಾಯಿಮಾತಿನ ಉಪಚಾರ ಲಿಪ್ ಸರ್ವಿಸ್. ಸರ್ವಿಸ್ ಎಂಬ ಹೆಸರಿನ ಒಂದು ಹಣ್ಣಿನ ಮರವೂ ಇದೆ. ಆದರೆ ಅದರ ಬೇರು ಬೇರೆ. ಲ್ಯಾಟಿನ್ನಿನ ಸಾರ್ಬಸ್ ಎಂಬ ಮರದ ಹೆಸರು ಸವೆದು ಸವೆದು ಈ ರೂಪಕ್ಕೆ ಬಂದು ನಿಂತಿದೆ. ಊಟದ ಕೊನೆಗೆ ತಿನ್ನುವ ಸಿಹಿಗೆ ಡೆಸರ್ಟ್ ಅನ್ನುತ್ತಾರಲ್ಲ, ಅದು ಮಾತ್ರ ನಿಜವಾಗಿಯೂ ಈ ಪದದ ನೆಂಟ. ಬಡಿಸಿದ್ದನ್ನೆಲ್ಲ ತೆಗೆದ ಮೇಲೆ ಬರುವುದು ಎಂಬುದು ಅದರ ಮೂಲ. ಪೊಲೀಸ್ ಸಾರ್ಜೆಂಟನೂ ನೆಂಟನೇ, ಅವನೂ ಮೂಲದಲ್ಲಿ ಊಳಿಗದವನು.

ಎಲ್ಲಕ್ಕಿಂತ ಮುಖ್ಯವಾಗಿ, ಭಾನುವಾರ ಚರ್ಚಿನಲ್ಲಿ ನಡೆಯುವ ಪ್ರಾರ್ಥನೆ ಕೂಡ ಸರ್ವಿಸ್. ಇಂಗ್ಲಿಷಿನಲ್ಲಿ ಈ ಪದದ ಅತ್ಯಂತ ಹಳೆಯ ಬಳಕೆಗಳಲ್ಲಿ ಇದೊಂದು. ಫ್ರೆಂಚಿನಿಂದ ಅದು ಇಂಗ್ಲಿಷಿಗೆ ಬಂದು ನೆಲೆಯಾದದ್ದು ಸುಮಾರಾಗಿ 12ನೇ ಶತಮಾನದ ಸುತ್ತಮುತ್ತ. ಅಂದರೆ ಕಲ್ಯಾಣದಲ್ಲಿ ನಮ್ಮ ಶರಣರು ಕಾಯಕ, ದಾಸೋಹ ಎಂಬ ಮಾತುಗಳಿಗೆ ಹೊಸ ಜೀವ ತುಂಬುತ್ತಿದ್ದ ಕಾಲ. ಕಾಕತಾಳೀಯ ಇರಬಹುದು. ನನಗೆ ಮಾತ್ರ ಈ ಕಾಕತಾಳೀಯದಿಂದಲೇ ವಿಚಾರ ಶುರುವಾಯಿತು.

ಬಸ್ಸು, ಪೂಜೆ, ಚಹದ ಬಟ್ಟಲು, ಹೋರಿ, ಜಿಲ್ಲಾಧಿಕಾರಿಯ ಹುದ್ದೆ ಇವೆಲ್ಲ ಒಂದೇ ಪದದೊಳಗೆ ಹೇಗೆ ಕುಳಿತವು? ಬೇರಿಗೆ ಹೋದರೆ ಗೊತ್ತಾಗುತ್ತದೆ. ಲ್ಯಾಟಿನ್ ಭಾಷೆಯಲ್ಲಿ ಸರ್ವುಸ್ ಎಂದರೆ ಗುಲಾಮ. ಆಳು ಅಲ್ಲ, ಕೂಲಿಯವನಲ್ಲ. ಕೊಂಡು ತಂದ ಗುಲಾಮ. ಸರ್ವಿಟಿಯಂ ಎಂದರೆ ಗುಲಾಮಗಿರಿ. ಸರ್ವಿಸ್ ಹುಟ್ಟಿದ್ದು ಅದರಿಂದ. ಕ್ರಿಸ್ತಪೂರ್ವದ ಮೊದಲ ಶತಮಾನದಲ್ಲಿ ವಾರೋ ಎಂಬ ರೋಮನ್ ಪಂಡಿತ ಒಕ್ಕಲುತನದ ಬಗ್ಗೆ ಒಂದು ಗ್ರಂಥ ಬರೆದ. ಅದರಲ್ಲಿ ಹೊಲದ ಉಪಕರಣಗಳನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಮಾತಿಲ್ಲದವು, ಉದಾಹರಣೆಗೆ ಬಂಡಿ. ಅರೆಮಾತಿನವು, ಎತ್ತು. ಮಾತನಾಡುವ ಉಪಕರಣ, ಗುಲಾಮ. ಬಂಡಿ, ಎತ್ತು, ಮನುಷ್ಯ ಮೂರೂ ಒಂದೇ ಯಾದಿಯಲ್ಲಿ! ಈ ಯಾದಿಯನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಗುಲಾಮನ ಮೈಯಿಂದ ಹೊರಟ ಪದ ನಿಧಾನವಾಗಿ ಮೇಲೇರಿತು. ಯುರೋಪಿನ ಪಾಳೆಯಗಾರಿಕೆಯಲ್ಲಿ ಒಡೆಯನಿಗೆ ಅಧೀನನು ಸಲ್ಲಿಸಬೇಕಾದ ದಂಡು-ದುಡಿಮೆ ಸರ್ವಿಸ್ ಆಯಿತು. ದೇವರು ದೊಡ್ಡ ಒಡೆಯ, ಆದ್ದರಿಂದ ಪೂಜೆಯೂ ಅದೇ ಆಯಿತು. ಬಳಿಕ ಶ್ರೀಮಂತರ ಮನೆಯ ಅಡುಗೆ, ಕಸ. ಬಳಿಕ ರಾಜ್ಯದ ಕೆಲಸ. ಈಸ್ಟ್ ಇಂಡಿಯಾ ಕಂಪನಿ ತನ್ನ ಸೈನಿಕರಿಂದ ಬೇರೆಯಾಗಿ ತೋರಿಸಲು ಉಳಿದ ನೌಕರರನ್ನು ಸಿವಿಲ್ ಸರ್ವೆಂಟರು ಎಂದು ಕರೆಯಿತು. 1855ರಿಂದ ಅದಕ್ಕೆ ಲಂಡನ್ನಿನಲ್ಲಿ ಸ್ಪರ್ಧಾ ಪರೀಕ್ಷೆ. ಅದರಲ್ಲಿ ತೇರ್ಗಡೆಯಾದ ಮೊದಲ ಭಾರತೀಯ ಸತ್ಯೇಂದ್ರನಾಥ ಟಾಗೋರ್, 1863ರಲ್ಲಿ. 1860ರ ದಂಡ ಸಂಹಿತೆಯಲ್ಲಿ ಸರಕಾರಿ ನೌಕರನಿಗೆ ಪಬ್ಲಿಕ್ ಸರ್ವೆಂಟ್ ಎಂದು ಹೆಸರು. ಆ ಕಾಲದ ಸಾಹೇಬರ ಪತ್ರಗಳ ಕೊನೆಯಲ್ಲಿ "ತಮ್ಮ ಅತ್ಯಂತ ವಿಧೇಯ ಸೇವಕ" ಎಂಬ ಒಕ್ಕಣೆ ಇರುತ್ತಿತ್ತು. ಮೇಲಿನ ಒಕ್ಕಣೆಯಲ್ಲಿ ಲಗಾನು ಕಟ್ಟದವನ ಹೊಲ ಜಪ್ತಿ, ಕೆಳಗೆ ವಿಧೇಯ ಸೇವಕ.

ಹೀಗಾಗಿ ಇಂಗ್ಲಿಷಿನಲ್ಲಿ ಬಚ್ಚಲು ತಿಕ್ಕುವವಳೂ ಸರ್ವೆಂಟ್, ಜಿಲ್ಲೆಯನ್ನು ಆಳುವವನೂ ಸರ್ವೆಂಟ್. ಇದು ಸಮಾನತೆ ಅಲ್ಲವೇ ಎಂದು ನನ್ನ ವಿದ್ಯಾರ್ಥಿಯೊಬ್ಬ ಕೇಳಿದ್ದ. ಆಗ ನಾನು ನಕ್ಕು ಮುಂದೆ ಹೋಗಿದ್ದೆ. ಈಗ ಉತ್ತರ ಹೇಳುತ್ತೇನೆ. ಸಮಾನತೆ ಅಲ್ಲ. ಮೇಲಿನವರು ಆ ಪದದ ವಿನಯವನ್ನು ತೆಗೆದುಕೊಂಡರು, ಕೆಳಗಿನವರಿಗೆ ಅದರ ಗುಲಾಮಗಿರಿಯನ್ನು ಬಿಟ್ಟರು. ಅನ್ಯಾಯವಾಗದಿರಲೆಂದು ಇಷ್ಟನ್ನೂ ಸೇರಿಸುತ್ತೇನೆ: ಆ ಪದವನ್ನು ತಲೆಯ ಮೇಲೆ ಹೊತ್ತು ನಿಜವಾಗಿ ದುಡಿದವರೂ ಇದ್ದರು. 1905ರಲ್ಲಿ ಗೋಖಲೆಯವರು ಪುಣೆಯಲ್ಲಿ ಭಾರತ ಸೇವಕ ಸಮಾಜ ಕಟ್ಟಿದಾಗ ಸೇವಕ ಎಂಬುದು ಬರಿಯ ಒಕ್ಕಣೆಯಾಗಿರಲಿಲ್ಲ.

ಈಗ ನಮ್ಮ ಕಡೆಗೆ ಬರೋಣ. ಸರ್ವಿಸ್ ಎಂಬುದನ್ನು ನಾವು ಕಣ್ಣು ಮುಚ್ಚಿ ಸೇವೆ ಎಂದು ಅನುವಾದಿಸುತ್ತೇವೆ. ಸರ್ವ್, ಸೇವ್ ಎರಡರ ಧ್ವನಿಯೂ ಹತ್ತಿರ ಕೇಳುವುದರಿಂದ ಎರಡೂ ಒಂದೇ ಎಂದು ಭಾಷಣದಲ್ಲಿ ಹೇಳುವವರಿದ್ದಾರೆ. ಅಂಥ ಸಂಬಂಧವನ್ನು ಭಾಷಾಶಾಸ್ತ್ರ ಸಿದ್ಧಪಡಿಸಿಲ್ಲ, ಕಿವಿಯನ್ನು ಅಷ್ಟು ನಂಬಬಾರದು. ಸಂಸ್ಕೃತದ ಸೇವ್ ಧಾತುವಿಗೆ ಹತ್ತಿರ ಇರು, ಆಶ್ರಯಿಸು, ಅನುಭವಿಸು, ಉಣ್ಣು ಎಂಬ ಅರ್ಥಗಳೂ ಇವೆ. ಔಷಧ ಸೇವನೆ, ವಾಯುಸೇವನೆ, ಮದ್ಯಸೇವನೆ ಎಲ್ಲ ಅಲ್ಲಿಂದಲೇ ಬಂದವು. ಸಮಾಜದ ಸೇವೆಗೆ ನಿಂತವರು ಸಮಾಜದ ಸೇವನೆಗೆ ಇಳಿಯುವುದನ್ನು ನಾವೆಲ್ಲ ನೋಡಿದ್ದೇವೆ. ವ್ಯಾಕರಣದ ಪ್ರಕಾರ ಅದರಲ್ಲಿ ತಪ್ಪಿಲ್ಲವೆಂದು ಅವರು ವಾದಿಸಬಹುದು.

ಸೇವೆ ಎಂಬ ಪದವನ್ನು ಶರಣರು ಬಳಸಲೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಅವರು ತಮ್ಮ ಬದುಕಿನ ನಡುಗಂಬವಾಗಿ ನಿಲ್ಲಿಸಿದ್ದು ಆ ಒಂದು ಪದವನ್ನಲ್ಲ, ಎರಡು ಪದಗಳನ್ನು. ಕಾಯಕ ಮತ್ತು ದಾಸೋಹ. ಎರಡು ಏಕೆ ಬೇಕಾದವು? ಒಂದು ಸಾಲದೇ? ಇಂಗ್ಲಿಷರಿಗೆ ಒಂದು ಸಾಕಾಗಿದೆಯಲ್ಲ?

ಕಾಯಕ ಕಾಯದಿಂದ, ಮೈಯಿಂದ ಮಾಡುವ ದುಡಿಮೆ. ಅದಕ್ಕೆ ಪ್ರತಿಫಲವಿದೆ. ಇದನ್ನು ನಾವು ಮರೆಯುತ್ತೇವೆ. ನುಲಿಯ ಚಂದಯ್ಯನವರು ಹಗ್ಗ ಹೊಸೆದು ಸುಮ್ಮನೆ ಹಂಚಲಿಲ್ಲ, ಮಾರಿದರು. ಶೂನ್ಯಸಂಪಾದನೆಯ ಕಥೆಯಲ್ಲಿ ಅವರ ಲಿಂಗ ಜಾರಿಬಿದ್ದಾಗ ಅವರು ಹಿಂತಿರುಗಿ ನೋಡದೆ ಕಾಯಕಕ್ಕೆ ನಡೆದರು. ಲಿಂಗವೇ ಬೆನ್ನು ಹತ್ತಿ ಬಂದಿತು. ಮಡಿವಾಳ ಮಾಚಯ್ಯನವರು ನಡುವೆ ಬಂದು ಹೇಳಿದ ಮೇಲೆ, ಲಿಂಗವೂ ಕಾಯಕ ಮಾಡಬೇಕೆಂಬ ಕರಾರಿನಿಂದ ಅದನ್ನು ಒಪ್ಪಿಕೊಂಡರು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಹಿಂದಕ್ಕೆ ಕಳಿಸಿದರು. ಈ ಕಥೆಯಿಂದ ನಾವು ಸಾಮಾನ್ಯವಾಗಿ ಹೇಳುವುದು ಆಸೆ ಬೇಡ ಎಂಬುದನ್ನು. ಸರಿ. ಆದರೆ ಅದರ ಇನ್ನೊಂದು ಮುಖ ನೋಡಿ. ಆಯ್ದು ತಂದ ಅಂದಂದಿನ ಅಕ್ಕಿ ಅವರದು. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ಯಾರ ದಯೆಯೂ ಅಲ್ಲ. ಹೆಚ್ಚಿನದು ತಮ್ಮದಲ್ಲ ಎಂದು ಹೇಳಬೇಕಾದರೆ, ಇಷ್ಟು ತಮ್ಮದು ಎಂಬುದು ಮೊದಲು ಸ್ಪಷ್ಟವಾಗಿರಬೇಕು.

ತಮ್ಮದೆಂದು ಕೈಗೆ ಬಂದ ಆ ಅಕ್ಕಿಯಿಂದಲೇ ಅವರು ದಾಸೋಹ ಮಾಡಿದರು. ಈ ಕ್ರಮ ಮುಖ್ಯ. ಮೊದಲು ಕಾಯಕ, ಅದರ ಸಲ್ಲಬೇಕಾದ ಬೆಲೆ, ಆಮೇಲೆ ದಾಸೋಹ. ತನ್ನದಲ್ಲದ್ದನ್ನು ಕೊಡುವುದು ದಾಸೋಹವಾಗುವುದಿಲ್ಲ. ಹಾಗೆಯೇ, ಬೇರೆಯವರಿಗೆ ಸಲ್ಲಬೇಕಾದ್ದನ್ನು ಹಿಡಿದಿಟ್ಟುಕೊಂಡು, ಅವರು ದಾಸೋಹ ಮಾಡಿದರು ಎಂದು ನಾವು ಹೇಳುವುದೂ ದಾಸೋಹವಾಗುವುದಿಲ್ಲ.

ಇನ್ನು ಆ ಪದದ ಒಳಗೇ ನೋಡಿ. ದಾಸಃ ಅಹಂ, ದಾಸೋಹಂ. ನಾನು ದಾಸ. ಇಲ್ಲಿಯೂ ದಾಸನಿದ್ದಾನೆ! ರೋಮನರ ಸರ್ವುಸ್ ಇದ್ದಂತೆಯೇ. ಹಾಗಾದರೆ ವ್ಯತ್ಯಾಸವೇನು? ವ್ಯತ್ಯಾಸ ಆ ಅಹಂನಲ್ಲಿದೆ. ಸರ್ವುಸ್ ಎಂಬುದು ಒಬ್ಬನು ಇನ್ನೊಬ್ಬನಿಗೆ ಹಚ್ಚಿದ ಹೆಸರು. ದಾಸೋಹಂ ಎಂಬುದನ್ನು ಇನ್ನೊಬ್ಬರ ಬಗ್ಗೆ ಹೇಳಲು ಬರುವುದೇ ಇಲ್ಲ. ಅದರಲ್ಲಿ ನಾನು ಇದೆ. ನೀನು ದಾಸ, ಅವನು ದಾಸ ಎಂದು ಹೇಳಿದ ಕೂಡಲೇ ಆ ಪದ ಒಡೆದುಹೋಗುತ್ತದೆ. ಅವನೇ ನಾನು ಎನ್ನುವ ಸೋಹಂ ಅಹಂಕಾರಕ್ಕೆ ಜಾರಬಹುದೆಂದು ಕಂಡ ಶರಣರು ಅದರ ಮುಂದೆ ದಾ ಎಂಬ ಒಂದೇ ಅಕ್ಷರ ಇಟ್ಟು ದಾಸೋಹಂ ಎಂದರು.

ಯುರೋಪಿನಲ್ಲಿಯೂ ಒಮ್ಮೊಮ್ಮೆ ಈ ಬೆಳಕು ಮಿಂಚಿದೆ. ಆಸ್ಟ್ರಿಯಾ, ಬವೇರಿಯಾ ಕಡೆ ಗೆಳೆಯರು ಎದುರಾದರೆ ಇಂದಿಗೂ "ಸರ್ವುಸ್" ಅನ್ನುತ್ತಾರೆ. ನಿಮ್ಮ ದಾಸ ನಾನು ಎಂಬುದು ಅದರ ಮೂಲ. ನಮ್ಮ ಹುಡುಗರು ಸಿನಿಮಾ ನೋಡಿ "ಚಾವ್" ಅನ್ನುವುದನ್ನು ಕಲಿತಿದ್ದಾರಲ್ಲ, ಅದು ವೆನಿಸ್ ನಗರದ ಮಾತು, ಅದರ ಅರ್ಥವೂ ನಾನು ನಿಮ್ಮ ಗುಲಾಮ ಎಂದೇ. ಈಗ ಯಾರಿಗೂ ಆ ಅರ್ಥ ನೆನಪಿಲ್ಲ. ನಮ್ಮ ಶರಣು ಶರಣಾರ್ಥಿಯೂ ಆ ಹಾದಿ ಹಿಡಿಯುತ್ತಿದೆಯೇ ಎಂಬ ಅನುಮಾನ ನನಗಿದೆ.

ಹರಳಯ್ಯನವರ ಕಥೆ ನಿಮಗೆಲ್ಲ ಗೊತ್ತು. ದಾರಿಯಲ್ಲಿ ಹರಳಯ್ಯನವರು ಶರಣು ಅಂದರು, ಬಸವಣ್ಣನವರು ಶರಣು ಶರಣಾರ್ಥಿ ಅಂದರು. ಒಂದಕ್ಕೆ ಎರಡು. ಆ ಹೆಚ್ಚಿನ ಒಂದು ಶರಣಿನ ಋಣ ತೀರಿಸಲು ಹರಳಯ್ಯ ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಚಮ್ಮಾವುಗೆ ಹೊಲಿದು ತಂದರು. ಈ ಕಥೆಯನ್ನು ಹೇಳುವಾಗ ನಾವು ತೊಡೆಯ ಚರ್ಮದ ಹತ್ತಿರವೇ ನಿಂತುಬಿಡುತ್ತೇವೆ, ಆ ತ್ಯಾಗವನ್ನು ಕೊಂಡಾಡುತ್ತೇವೆ. ನನಗೆ ಮುಂದಿನದು ಮುಖ್ಯ. ಬಸವಣ್ಣನವರು ಅದನ್ನು ಮೆಟ್ಟಲಿಲ್ಲ. ತಲೆಯ ಮೇಲೆ ಇಟ್ಟುಕೊಂಡರು. ಮೈಯ ಚರ್ಮವನ್ನೇ ತಂದುಕೊಟ್ಟರೂ ಇನ್ನೊಬ್ಬರ ದಾಸ್ಯದ ಮೇಲೆ ಕಾಲಿಡಲು ಅವರು ಒಪ್ಪಲಿಲ್ಲ.

ಈಗ ನಮ್ಮ ಕಾಲಕ್ಕೆ ಬರುತ್ತೇನೆ. 1975ರಲ್ಲಿ ಶುರುವಾದ ಅಂಗನವಾಡಿ ಯೋಜನೆಯ ಹೆಸರಿನಲ್ಲಿಯೇ ಸರ್ವಿಸ್ ಇದೆ: ಸಮಗ್ರ ಶಿಶು ಅಭಿವೃದ್ಧಿ ಸೇವೆಗಳು. ಅಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಕೊಡುವುದಕ್ಕೆ ಸಂಬಳ ಅನ್ನುವುದಿಲ್ಲ, ಗೌರವಧನ ಅನ್ನುತ್ತಾರೆ. ಆಶಾ ಕಾರ್ಯಕರ್ತೆಯರಿಗೆ ಸ್ವಯಂಸೇವಕಿಯರು ಎಂದು ಹೆಸರು. ಹೆಸರಿನಲ್ಲಿ ಗೌರವ ತುಂಬಿ ಕೈಯಲ್ಲಿ ಕಡಿಮೆ ಇಡುವ ಉಪಾಯ ಇದು. 2022ರಲ್ಲಿ ಸುಪ್ರೀಂ ಕೋರ್ಟು ಗ್ರ್ಯಾಚುಯಿಟಿ ಕಾಯ್ದೆ ಅಂಗನವಾಡಿಯವರಿಗೂ ಅನ್ವಯಿಸುತ್ತದೆ, ಗೌರವಧನವೂ ಆ ಕಾಯ್ದೆಯ ಅರ್ಥದಲ್ಲಿ ವೇತನವೇ ಎಂದು ಹೇಳಬೇಕಾಯಿತು. ಒಂದು ಪದದ ಅರ್ಥ ತಿಳಿಸಲು ದೇಶದ ಅತಿ ದೊಡ್ಡ ನ್ಯಾಯಾಲಯವೇ ಬೇಕಾಯಿತು ನೋಡಿ.

ಸರಕಾರವನ್ನು ಬಯ್ಯುವುದು ಸುಲಭ. ಆದ್ದರಿಂದ ಮೊದಲು ಹೇಳಿದ ಆ ತಾಯಿಯ ಮಾತಿಗೆ ಬರುತ್ತೇನೆ.

ನಿವೃತ್ತಿಯ ನಂತರ ನಾನು ಒಂದು ವಿದ್ಯಾರ್ಥಿ ಪ್ರಸಾದ ನಿಲಯದ ಗೌರವ ಕಾರ್ಯದರ್ಶಿಯಾದೆ. ಆ ತಾಯಿ ಅಲ್ಲಿ 22 ವರ್ಷ ರೊಟ್ಟಿ ಬಡಿದವರು. ಮಂಡಿನೋವಿನಿಂದ ಇನ್ನು ಕೂರಲಾಗದೆ ಕೆಲಸ ಬಿಟ್ಟಿದ್ದರು. ಯಾವುದೋ ಸೌಲಭ್ಯಕ್ಕೆ ಬೇಕೆಂದು ಅವರ ಮಗ ಹೇಳಿದ್ದರಿಂದ ಸರ್ವಿಸ್ ಸರ್ಟಿಫಿಕೇಟ್ ಕೇಳಲು ಬಂದಿದ್ದರು. ಅದೆಷ್ಟರ ಕೆಲಸ ಎಂದುಕೊಂಡು ನಾನು ಹಾಜರಿ ಪುಸ್ತಕ ತೆಗೆಸಿದೆ. ಅದರಲ್ಲಿ ಅವರ ಹೆಸರಿಲ್ಲ. ಹಿಂದಿನ ವರ್ಷದ್ದು ತೆಗೆಸಿದೆ, ಇಲ್ಲ. ಅದರ ಹಿಂದಿನದು, ಇಲ್ಲ. ಹಾಗಾದರೆ ತಿಂಗಳು ತಿಂಗಳು ಅವರಿಗೆ ಕೊಟ್ಟ ಹಣ ಎಲ್ಲಿ ಬರೆದಿದೆ ಎಂದು ಹುಡುಕಿದರೆ ಖರ್ಚಿನ ಪುಸ್ತಕದಲ್ಲಿ ಸಿಕ್ಕಿತು. ದಾಸೋಹದ ಖರ್ಚು ಎಂಬ ತಲೆಬರಹದ ಕೆಳಗೆ. ಮೇಲಿನ ಸಾಲು ಕಟ್ಟಿಗೆ, ಕೆಳಗಿನ ಸಾಲು ಬೆಲ್ಲ, ನಡುವೆ "ರೊಟ್ಟಿ ಬಾಯಿ".

ಬಂಡಿ, ಎತ್ತು, ಗುಲಾಮ ಎಂದು ಬರೆದ ರೋಮನ್ ಪಂಡಿತನನ್ನು ತರಗತಿಯಲ್ಲಿ ಎಷ್ಟು ಸಲ ಆಡಿಕೊಂಡಿದ್ದೆನೋ. ಇಲ್ಲಿ ಕಟ್ಟಿಗೆ, ರೊಟ್ಟಿ ಬಾಯಿ, ಬೆಲ್ಲ. ಪ್ರತಿ ಪುಟದ ಕೆಳಗೆ ಸಹಿ ಇತ್ತು. ಕೊನೆಯ ಆರು ವರ್ಷದ ಸಹಿ ನನ್ನದು.

ನಾನು ಏನೋ ಸಮಾಧಾನ ಹೇಳಲು ಹೋದೆ. "ಅವ್ವಾ, ನಿಮ್ಮ ಸೇವಾ ನಮಗೆಲ್ಲ ಗೊತ್ತದ. ಪ್ರತಿ ಜಯಂತಿಗೂ ನಿಮಗ ಸತ್ಕಾರ ಮಾಡೀವಿ" ಎಂದೆ. ಅವರು ಸಿಟ್ಟಾಗಲಿಲ್ಲ. "ಶಾಲು ಮನ್ಯಾಗ ಮೂರ ಅದಾವರಿ ಸರ. ನಾ ಸೇವಾ ಮಾಡೇನಿ ಅಂತ ಎಂದೂ ಹೇಳಿಲ್ಲರಿ, ನೀವ ಅಂದೀರಿ. ನಾ ಕೆಲಸ ಮಾಡೇನಿ" ಎಂದರು.

ಇಂಗ್ಲಿಷ್ ಕಲಿಸಿದವನಿಗೆ ಇದಕ್ಕಿಂತ ಚೊಕ್ಕವಾಗಿ ಯಾರೂ ಪದಾರ್ಥ ಹೇಳಿರಲಿಲ್ಲ. ಸೇವೆ ಎಂಬುದು ಅವರ ಬಾಯಿಂದ ಬಂದ ಮಾತಲ್ಲ, ನಮ್ಮ ಬಾಯಿಂದ ಬಂದದ್ದು. ದಾಸೋಹಂ ಎಂದು ಅವರು ಹೇಳುವ ಮೊದಲೇ ಅವರ ಪರವಾಗಿ ನಾವು ಹೇಳಿ, ಪುಸ್ತಕದಲ್ಲಿ ಬರೆದು, ಸಹಿ ಹಾಕಿದ್ದೆವು.

ಇದೇ ನಾಡಿನಲ್ಲಿ ಫ. ಗು. ಹಳಕಟ್ಟಿಯವರು ಇದ್ದರು. ವಿಜಯಪುರದಲ್ಲಿ ವಕೀಲಿ ಮಾಡುತ್ತ, ಊರೂರು ತಿರುಗಿ ವಚನದ ತಾಳೆಗರಿ ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರ ಹೊರತಂದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯ, ಮರುವರ್ಷ ಶಿವಾನುಭವ ಪತ್ರಿಕೆ. ಅದಕ್ಕಾಗಿ ಮನೆಯನ್ನೂ ಮಾರಿದರು. ಅದು ದಾಸೋಹ, ತಮ್ಮ ಮನೆಯನ್ನು ತಾವೇ ಮಾರಿದ್ದು. ಅವರ ಹೆಸರು ಹೇಳಿ ನಾವು ಇನ್ನೊಬ್ಬರ ಮನೆಯನ್ನು ಮಾರಿಸಲು ಬರುವುದಿಲ್ಲ.

ಮಠಗಳಲ್ಲಿ ಮನಸಾರೆ ಬಂದು ಕಸ ಹೊಡೆಯುವ, ಬಡಿಸುವ ಭಕ್ತರು ಸಾವಿರಾರು ಜನ ಇದ್ದಾರೆ. ಅವರ ಬಗ್ಗೆ ನಾನು ಮಾತನಾಡುತ್ತಿಲ್ಲ. ಜಾತ್ರೆಯ ದಿನ ನನ್ನ ಮೊಮ್ಮಗಳೂ ನೀರು ಕೊಡುತ್ತಾಳೆ. ಬೆಳಗಿನ ನಾಲ್ಕಕ್ಕೆ ಎದ್ದು ಬಂದು, ಅದರಿಂದಲೇ ಮನೆಯ ಒಲೆ ಹೊತ್ತಬೇಕಾದವರ ಬಗ್ಗೆ ಮಾತನಾಡುತ್ತಿದ್ದೇನೆ. ಅವರದು ಕಾಯಕ. ಅದಕ್ಕೆ ಬೆಲೆ ಇದೆ, ತಾರೀಖು ಇದೆ, ಹೆಸರು ಇರಬೇಕು. ಆ ಬೆಲೆ ಕೈಗೆ ಬಂದ ಮೇಲೆ ಅದರಲ್ಲಿ ಒಂದು ರೂಪಾಯಿಯನ್ನು ಹುಂಡಿಗೆ ಹಾಕುವರೋ ಬಿಡುವರೋ ಅದು ಅವರ ದಾಸೋಹ. ಅದನ್ನು ನಾವು ಮೊದಲೇ ಮುರಿದುಕೊಳ್ಳುವಂತಿಲ್ಲ.

ಸರ್ಟಿಫಿಕೇಟು ಕೊಟ್ಟೆ, ಕೈಬರಹದಲ್ಲಿ. "ಸೇವೆ ಸಲ್ಲಿಸಿರುತ್ತಾರೆ" ಎಂದು ಬರೆಯಲು ಪೆನ್ನು ತಾನಾಗಿಯೇ ಹೊರಟಿತ್ತು, ಅಷ್ಟು ರೂಢಿ. ಹೊಡೆದುಹಾಕಿ "ಕೆಲಸ ಮಾಡಿರುತ್ತಾರೆ" ಎಂದು ಬರೆದೆ. ಆದರೆ ಹಾಜರಿ ಪುಸ್ತಕದ ಆಧಾರವಿಲ್ಲದ ಆ ಕಾಗದವನ್ನು ಕಚೇರಿಯವರು ಒಪ್ಪಲಿಲ್ಲ. ಅದಕ್ಕೇ ಕೊಡಲಾಗಲಿಲ್ಲ ಎಂದು ಮೊದಲೇ ಅಂದದ್ದು. ಅವರ ತಪ್ಪೂ ಅಲ್ಲ. ಹೆಸರು ಇರಬೇಕಾದ ಕಡೆ ಇರಲಿಲ್ಲ.

ಹೊಸ ಪುಸ್ತಕ ಹಾಕಿಸಿದ್ದೇವೆ. ಹೆಸರು, ಕಾಯಕ, ಕಾಯಕದ ಬೆಲೆ, ಸಹಿ ಎಂದು ನಾಲ್ಕು ಅಂಕಣ. ಈಗಿರುವ ಏಳು ಜನರ ಹೆಸರು ಅದರಲ್ಲಿದೆ. ಉಳಿದಿರುವುದು ಆ ತಾಯಿಯ 22 ವರ್ಷದ ಲೆಕ್ಕ. ಖರ್ಚಿನ ಪುಸ್ತಕಗಳನ್ನು ಇಟ್ಟುಕೊಂಡು ತಿಂಗಳುವಾರು ಪಟ್ಟಿ ಮಾಡಿ, ಕೊಡಬೇಕಾದ ಮೊತ್ತವನ್ನೂ ಹಚ್ಚಿ ಸಮಿತಿಗೆ ಒಪ್ಪಿಸಿದ್ದೇನೆ. ಬರುವ ಸೋಮವಾರ ಸಭೆ ಇದೆ, ಆ ವಿಷಯ ಎರಡನೆಯ ಸಂಖ್ಯೆಯಲ್ಲಿದೆ. ಸಮಿತಿಯ ನಾಲ್ವರು ಸದಸ್ಯರು ಇಲ್ಲಿಯೇ ಮುಂದಿನ ಸಾಲಿನಲ್ಲಿ ಕುಳಿತಿದ್ದೀರಿ. ಆ ತಾಯಿಯೂ ಬಂದಿದ್ದಾರೆ, ಹಿಂದಿನ ಬಾಗಿಲ ಹತ್ತಿರ ಗೋಡೆಗೆ ಒರಗಿ ಕುಳಿತಿದ್ದಾರೆ.